ಬೂದಿ ಬಣ್ಣದ ಮೀನೂ, ಬೆಳಗಿನ ಏಳು ಗಂಟೆಯೂ

ಕಳೆದ ಸಂಚಿಕೆಯಲ್ಲಿ ಗೋಲ್ಡ್‌ಫಿಶ್ ಬಗ್ಗೆ ಉತ್ತರ ಬರೆಯುತ್ತಾ, ‘ನನ್ನನ್ನು ಕೇಳಿದರೆ ರೇನ್‌ಬೋ ಸಾಕಿ’ ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಸುಮ್ನೆ ಬರೆದದ್ದು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ. ಹಾಗಾಗಿ ಈ ತಿಂಗಳು ಬೇರೆ ಮೀನುಗಳಿಗೆ ರಜೆ.

ಹೊಸಬರಿಗಾಗಿ ಒಂದು ಮಾತು. ರೇನ್‌ಬೋ ಅಂದರೆ ಒಂದೇ ಮೀನಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ದ್ವೀಪದ ಹೊಳೆ, ಸರೋವರಗಳಲ್ಲಿ ಇರುವ ದೊಡ್ಡ ಸಂಸಾರ ಅದು. ನಮ್ಮ ಕಡೆ ಅಂಗಡಿಗಳಲ್ಲಿ ಕಣ್ಣಿಗೆ ಬೀಳುವುದು ಮುಖ್ಯವಾಗಿ ನಾಲ್ಕು. ಮುಂದಿನ ಅರ್ಧ ನೀಲಿ, ಹಿಂದಿನ ಅರ್ಧ ಕಿತ್ತಳೆ ಇರುವ ಬೋಸ್ಮನಿ. ಮೈಯೆಲ್ಲ ಕೆಂಪಾಗುವ ರೆಡ್ ರೇನ್‌ಬೋ. ನೀಲಿ ಟರ್ಕಾಯ್ಸ್. ಎರಡೂವರೆ ಇಂಚಿಗೇ ನಿಂತುಬಿಡುವ ನಿಯಾನ್ ಡ್ವಾರ್ಫ್. ನನ್ನ ಮನೆಯಲ್ಲಿ ಹನ್ನೊಂದು ವರ್ಷದಿಂದ ಬೋಸ್ಮನಿ ಇವೆ, ಐದು ವರ್ಷದಿಂದ ನಿಯಾನ್. ಅನುಭವದ ಮಾತೆಲ್ಲ ಅವೆರಡರದ್ದೇ ಅಂತ ತಿಳಿದು ಓದಿ.

ಫೋಟೊ ನೋಡಿ ಆಸೆಪಟ್ಟು ಆರು ಬೋಸ್ಮನಿ ತಂದೆ. ಮೂರು ತಿಂಗಳಾಯಿತು. ಒಂದಕ್ಕೂ ಬಣ್ಣ ಇಲ್ಲ, ಎಲ್ಲ ಬೂದಿ ಬಳಿದ ಹಾಗಿವೆ. ಅಂಗಡಿಯವರು ಮೋಸ ಮಾಡಿದರಾ?
– ಗೃಹಿಣಿ, ತುಮಕೂರು

ಇಲ್ಲ ತಾಯಿ, ಈ ಒಂದು ವಿಷಯದಲ್ಲಿ ಅಂಗಡಿಯವರ ತಪ್ಪಿಲ್ಲ. ನೀವು ತಂದದ್ದು ಮರಿ. ಎರಡು ಇಂಚೂ ಇರಲಿಲ್ಲ ಅಲ್ವಾ? ಬೋಸ್ಮನಿಗೆ ಬಣ್ಣ ಕಾಣಿಸಿಕೊಳ್ಳಲು ಶುರುವಾಗುವುದೇ ಆರು ತಿಂಗಳ ಮೇಲೆ. ಫೋಟೊದಲ್ಲಿ ನೋಡಿದ ಬಣ್ಣ ಬರಬೇಕಾದರೆ ಒಂದು ವರ್ಷ, ಕೆಲವಕ್ಕೆ ಒಂದೂವರೆ ವರ್ಷ. ಅಂಗಡಿಯಲ್ಲಿ ಇದರ ಪಕ್ಕದ ತೊಟ್ಟಿಯಲ್ಲಿ ಕೆಂಪು ಗಪ್ಪಿ, ಹಳದಿ ಮೋಲಿ ಥಳಥಳ ಅನ್ನುತ್ತಿರುತ್ತವೆ. ಹಾಗಾಗಿ ಈ ಪಾಪದ ಮೀನನ್ನು ಯಾರೂ ತಿರುಗಿ ನೋಡುವುದಿಲ್ಲ. ನಾನು ಮೊದಲ ಸಲ ತಂದಾಗ ನಮ್ಮ ಯಜಮಾನರು ಕವರನ್ನು ಬೆಳಕಿಗೆ ಹಿಡಿದು, ‘ಇದಕ್ಕೆ ದುಡ್ಡು ಕೊಟ್ಟೆಯಾ?’ ಅಂತ ಕೇಳಿದ್ದರು. ಎಂಟು ತಿಂಗಳಾದ ಮೇಲೆ ಅವರೇ ನೆಂಟರನ್ನು ಕರೆದು ತೋರಿಸುತ್ತಿದ್ದರು, ತಾವೇ ಆರಿಸಿ ತಂದವರ ಹಾಗೆ.

ಈ ಮೀನಿನ ಕಥೆಯೂ ಹಾಗೇ ಇದೆ. ಹಾಲೆಂಡಿನ ಮೀನು ಪಂಡಿತ ಮಾರಿನಸ್ ಬೋಸ್ಮನ್ 1954–55ರಲ್ಲಿ ನ್ಯೂಗಿನಿಯ ಪಶ್ಚಿಮ ತುದಿಯ ಅಯಾಮಾರು ಸರೋವರಗಳಿಂದ ಇದನ್ನು ಹಿಡಿದು ತಂದರು. ಈಗ ಅದು ಇಂಡೋನೇಷ್ಯಾಕ್ಕೆ ಸೇರಿದ ಜಾಗ. ಬಾಟಲಿಯ ದ್ರಾವಣದಲ್ಲಿ ಇಟ್ಟ ಮೀನಿಗೆ ಬಣ್ಣ ಎಲ್ಲಿ ಉಳಿಯುತ್ತದೆ? ಇದಕ್ಕೆ ಅವರ ಹೆಸರಿಟ್ಟು ವಿಜ್ಞಾನದ ಲೆಕ್ಕಕ್ಕೆ ಸೇರಿಸಿದ್ದು 1980ರಲ್ಲಿ, ಕಾಲು ಶತಮಾನ ಕಳೆದ ಮೇಲೆ. ಜೀವಂತ ಮೀನು ಹವ್ಯಾಸಿಗಳ ಮನೆ ತಲುಪಿದ್ದು ಅದಾದ ಎರಡು ಮೂರು ವರ್ಷಕ್ಕೆ. ನೀವು ಮೂರು ತಿಂಗಳಿಗೇ ಸೋತರೆ ಹೇಗೆ?

ಕಾಯುವಾಗ ಮಾಡುವ ಕೆಲಸವೂ ಇದೆ. ತೊಟ್ಟಿಯ ತಳಕ್ಕೆ ಬಿಳಿ ಕಲ್ಲು ಹಾಕಿದ್ದರೆ ತೆಗೆದು ಕಪ್ಪು ಮರಳು ಹಾಕಿ. ಬಿಳಿ ತಳದ ಮೇಲೆ ಮೀನು ತನ್ನ ಬಣ್ಣ ಇಳಿಸಿಕೊಳ್ಳುತ್ತದೆ. ಹಿಂದೆ, ಪಕ್ಕದಲ್ಲಿ ಗಿಡ ಇರಲಿ, ಮಧ್ಯೆ ಈಜಲು ಖಾಲಿ ಬಿಡಿ. ಆರು ಮೀನಿನಲ್ಲಿ ಹೆಣ್ಣೂ ಇವೆಯಾ ನೋಡಿ. ಹೆಣ್ಣಿಲ್ಲದ ತೊಟ್ಟಿಯಲ್ಲಿ ಗಂಡಿಗೆ ಬಣ್ಣ ಹಾಕಿಕೊಳ್ಳಲು ಕಾರಣವೇ ಇರುವುದಿಲ್ಲ. ಊಟಕ್ಕೆ ಬರೀ ಅಂಗಡಿಯ ಕಾಳು ಬೇಡ. ಸ್ಪಿರುಲಿನಾ ಪಾಚಿ ಇರುವ ಫ್ಲೇಕ್, ವಾರಕ್ಕೆರಡು ಸಲ ಸೊಳ್ಳೆ ಮರಿ ಅಥವಾ ಡಾಫ್ನಿಯಾ ಎಂಬ ನೀರಿನ ಚಿಕ್ಕ ಜೀವಿ, ಒಂದು ದಿನ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ. ಜಾಸ್ತಿ ಹಾಕಬೇಡಿ. ಇವು ಹೊಟ್ಟೆಬಾಕ ಮೀನು, ಕೊಟ್ಟಷ್ಟೂ ತಿಂದು ಬೊಜ್ಜು ಬೆಳೆಸಿಕೊಳ್ಳುತ್ತವೆ.

ಇನ್ನೊಂದು ಗುಟ್ಟು. ಬಣ್ಣ ನೋಡಬೇಕಾದರೆ ರಾತ್ರಿ ಟಿವಿ ನೋಡುತ್ತಾ ನೋಡಬೇಡಿ, ಬೆಳಗ್ಗೆ ನೋಡಿ. ನಮ್ಮ ಹಾಲ್‌ನ ಪೂರ್ವದ ಕಿಟಕಿಯಿಂದ ಏಳು ಗಂಟೆಯ ಹೊತ್ತಿಗೆ ಬಿಸಿಲು ಓರೆಯಾಗಿ ತೊಟ್ಟಿಯ ಮುಂದಿನ ಗಾಜಿಗೆ ಬೀಳುತ್ತದೆ. ಆಗ ಗಂಡುಗಳು ಎದುರುಬದುರು ನಿಂತು ರೆಕ್ಕೆ ಬಿಚ್ಚುತ್ತವೆ. ಮೂಗಿನ ತುದಿಯಿಂದ ಬೆನ್ನಿನ ರೆಕ್ಕೆಯ ತನಕ, ನೆತ್ತಿಯ ಮೇಲೆ, ಒಂದು ಗೆರೆ ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುತ್ತದೆ. ಸ್ವಿಚ್ ಹಾಕಿದ ಹಾಗೆ. ಹೆಣ್ಣು ಆ ಕಡೆ ಹೋದರೆ ಆರಿಹೋಗುತ್ತದೆ. ನನ್ನ ಕಾಫಿ ತಣ್ಣಗಾಗುವುದು ದಿನಾ ಇದರಿಂದಲೇ.

ಗಂಡು ಹೆಣ್ಣು ಗುರುತು ಹಿಡಿಯುವುದು ಹೇಗೆ? ಅಂಗಡಿಯಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ.
– ಆಟೋ ಚಾಲಕ, ಶಿವಮೊಗ್ಗ

ಬೆನ್ನು ನೋಡಿ. ರೇನ್‌ಬೋಗಳಿಗೆ ಬೆನ್ನ ಮೇಲೆ ಎರಡು ರೆಕ್ಕೆ. ಗಂಡಿನಲ್ಲಿ ಮುಂದಿನ ರೆಕ್ಕೆ ಉದ್ದ. ಮಡಚಿದಾಗ ಅದರ ತುದಿ ಹಿಂದಿನ ರೆಕ್ಕೆಯ ಬುಡವನ್ನು ಮುಟ್ಟುತ್ತದೆ, ಇಲ್ಲ ದಾಟುತ್ತದೆ. ಹೆಣ್ಣಿನಲ್ಲಿ ಗಿಡ್ಡ, ತುದಿ ದುಂಡಗೆ. ದೊಡ್ಡದಾದ ಮೇಲೆ ಗಂಡಿನ ಮೈ ಅಗಲವಾಗಿ, ತಲೆ ಅದಕ್ಕೆ ಚಿಕ್ಕದಾಗಿ ಕಾಣುತ್ತದೆ. ಎರಡು ಇಂಚಿನ ಒಳಗಿನ ಮರಿಯಲ್ಲಿ ಇದನ್ನು ಖಚಿತವಾಗಿ ಹೇಳುವುದು ಕಷ್ಟ. ಅದಕ್ಕೇ ಆರು ಅಥವಾ ಎಂಟು ಒಟ್ಟಿಗೆ ತನ್ನಿ ಅನ್ನುವುದು. ಹೇಗೂ ಗುಂಪಿಲ್ಲದೆ ಇವು ಹೆದರಿ ಮೂಲೆ ಸೇರುತ್ತವೆ.

ಬಣ್ಣದ ದೊಡ್ಡ ಗಂಡು ಬೇಕು ಅಂತ ಹುಡುಕಿಕೊಂಡು ಹೋಗಬೇಡಿ. ಈ ಆಸೆ ಅಯಾಮಾರುವಿಗೇ ಕುತ್ತು ತಂದಿತ್ತು. 1980ರ ದಶಕದ ಕೊನೆಯ ಹೊತ್ತಿಗೆ ಅಲ್ಲಿಂದ ತಿಂಗಳಿಗೆ ಹತ್ತಾರು ಸಾವಿರ ಗಂಡು ಮೀನು ಹಿಡಿದು ಹೊರಗೆ ಕಳಿಸುತ್ತಿದ್ದರು. ಇವತ್ತು ಬೋಸ್ಮನಿ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಈಗ ಅಂಗಡಿಗೆ ಬರುವುದು ಫಾರಂನಲ್ಲಿ ಸಾಕಿದ್ದು, ಆ ಮಟ್ಟಿಗೆ ನೆಮ್ಮದಿ.

ನಮ್ಮದು ಬೋರ್‌ವೆಲ್ ನೀರು. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಲೆಕ್ಕ, 600ರ ಹತ್ತಿರ. ಆರ್‌ಒ ನೀರು ಹಾಕಬೇಕು ಅಂತಾರೆ. 130 ಲೀಟರ್ ತೊಟ್ಟಿಗೆ ಆರ್‌ಒ ಎಲ್ಲಿಂದ ತರಲಿ?
– ಶಾಲಾ ಶಿಕ್ಷಕ, ಕೋಲಾರ ಜಿಲ್ಲೆ

ಮೇಷ್ಟ್ರೇ, ನಿಮಗೆ ಲಾಟರಿ ಹೊಡೆದಿದೆ. ಅಯಾಮಾರು ಇರುವುದೇ ಸುಣ್ಣಕಲ್ಲಿನ ನೆಲದಲ್ಲಿ. ಅಲ್ಲಿನ ನೀರು ಗಡುಸು. ಪಿಎಚ್ 7.5, 8 ಇದ್ದರೆ ಬೋಸ್ಮನಿಗೆ ತವರುಮನೆ. ನಿಮ್ಮ ಸೋಲಾರ್ ಪೈಪಿನ ಒಳಗೆ ಬಿಳಿ ಪದರ ಕಟ್ಟಿಸುವ ಸುಣ್ಣವೇ ಈ ಮೀನಿಗೆ ಬೇಕಾದದ್ದು. ಡಿಸ್ಕಸ್ ಎಂಬ ಮೆದು ನೀರಿನ ಮೀನು ಸಾಕುವವರು ಹೇಳುವ ಆರ್‌ಒ ಪಾಠ ಇಲ್ಲಿ ನಡೆಯುವುದಿಲ್ಲ. 600 ಸ್ವಲ್ಪ ಜಾಸ್ತಿ ಅನ್ನಿಸಿದರೆ ಮಳೆಗಾಲದಲ್ಲಿ ಹಿಡಿದಿಟ್ಟ ಮಳೆ ನೀರು ಒಂದು ಪಾಲು ಬೆರೆಸಿ. ಮೊದಲ ಮಳೆಯದು ಬೇಡ, ಚಾವಣಿಯ ಧೂಳು ತೊಳೆದುಹೋಗಲಿ.

ಒಂದೇ ಎಚ್ಚರಿಕೆ. ಅಂಗಡಿಯವರು ಮೆದು ನೀರಿನಲ್ಲಿ ಇಟ್ಟಿರಬಹುದು. ತಂದ ತಕ್ಷಣ ಸುರಿಯಬೇಡಿ. ಮೀನನ್ನು ಅದರ ನೀರಿನ ಸಮೇತ ಬಕೆಟ್ಟಿಗೆ ಬಿಟ್ಟು, ಏರ್ ಟ್ಯೂಬಿಗೆ ಗಂಟು ಹಾಕಿ ನಿಮ್ಮ ತೊಟ್ಟಿಯ ನೀರು ತೊಟ್ಟು ತೊಟ್ಟಾಗಿ ಇಳಿಯಲು ಬಿಡಿ. ಒಂದೂವರೆ ಗಂಟೆ ಸಾಕು. ನಗರದ ನಲ್ಲಿ ನೀರು ಬಳಸುವವರು ಕ್ಲೋರಿನ್ ತೆಗೆಯುವ ದ್ರಾವಣ ಮರೆಯಬೇಡಿ. ಬೋರ್‌ವೆಲ್‌ನವರಿಗೆ ಆ ಖರ್ಚೂ ಇಲ್ಲ.

ಕಲಬುರಗಿಯ ಬಿಸಿಲಿನಲ್ಲಿ ಈ ಮೀನು ಬದುಕುತ್ತವಾ?
– ಬ್ಯಾಂಕ್ ಉದ್ಯೋಗಿ, ಕಲಬುರಗಿ

ಬದುಕುತ್ತವೆ, ಆದರೆ ಏಪ್ರಿಲ್, ಮೇನಲ್ಲಿ ನೀವು ಮೀನಿನ ಆಯಾ ಆಗಬೇಕು. 25ರಿಂದ 28 ಡಿಗ್ರಿ ಸುಖ. 30 ತನಕ ಸಹಿಸುತ್ತವೆ. ಅದರ ಮೇಲೆ ಹೋದರೆ ಕಷ್ಟ ಬರೀ ಸೆಕೆಯದ್ದಲ್ಲ, ಉಸಿರಿನದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಕ್ಸಿಜನ್ ಕಡಿಮೆ. ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಅದೇ ಕಾರಣ. ಗಾಜಿನ ಮುಚ್ಚಳ ತೆಗೆದು ನೆಟ್ ಹಾಕಿ, ನೀರಿನ ಮೇಲೆ ಗಾಳಿ ಬೀಸುವ ಹಾಗೆ ಒಂದು ಚಿಕ್ಕ ಟೇಬಲ್ ಫ್ಯಾನ್ ಇಡಿ. ಮಡಕೆ ನೀರು ತಣ್ಣಗಾಗುವ ಲೆಕ್ಕವೇ, ಎರಡು ಮೂರು ಡಿಗ್ರಿ ಇಳಿಯುತ್ತದೆ. ನಿಮ್ಮ ಒಣ ಹವೆಯಲ್ಲಿ ಇದು ಮಂಗಳೂರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆರಿದಷ್ಟು ನೀರು ದಿನಾ ತುಂಬಿಸಿ. ಏರ್ ಪಂಪ್ ನಿಲ್ಲಿಸಬೇಡಿ. ಊಟ ಅರ್ಧ ಮಾಡಿ. ಮರಿ ಮಾಡಿಸುವ ಆಸೆಯನ್ನು ಜುಲೈಗೆ ಮುಂದೂಡಿ.

ತೊಟ್ಟಿಗೆ ಮುಚ್ಚಳ ಬೇಕೇ ಬೇಕಾ?
– ಓದುಗರು, ಹಾಸನ

ಬೇಕೇ ಬೇಕು. ನನ್ನ ಅತಿ ಚೆಂದದ ಗಂಡು ಫ್ರಿಜ್ ಅಡಿಯಲ್ಲಿ ಸಿಕ್ಕಿತು. ಕಸ ಗುಡಿಸುವಾಗ.

ಗಿಡದ ಮೇಲೆ ಮೊಟ್ಟೆ ಇಡುತ್ತವೆ ಅಂತ ಓದಿದೆ. ನನಗೆ ಒಂದೂ ಕಾಣುವುದಿಲ್ಲ. ಮರಿ ಮಾಡಿಸುವ ಕ್ರಮ ಮೊದಲಿನಿಂದ ಹೇಳಿ.
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಂಗಳೂರು

ಕಾಣುವುದಿಲ್ಲ, ಯಾಕೆಂದರೆ ಇವು ಒಂದೇ ಸಲ ನೂರಾರು ಇಟ್ಟು ಮುಗಿಸುವ ಮೀನಲ್ಲ. ದಿನಕ್ಕೆ ಇಷ್ಟಿಷ್ಟು, ಬಹುಪಾಲು ಬೆಳಗಿನ ಹೊತ್ತು, ವಾರಗಟ್ಟಲೆ ಇಡುತ್ತಾ ಹೋಗುತ್ತವೆ. ನೀವು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಇರುವಾಗಲೇ ಎಲ್ಲ ನಡೆದುಹೋಗಿರುತ್ತದೆ. ಇಟ್ಟದ್ದನ್ನು ತಾವೇ ತಿನ್ನುವ ಚಾಳಿಯೂ ಇದೆ.

ಮೊದಲು ಉಲ್ಲನ್ ಕುಚ್ಚು ಮಾಡಿ. ಮಾಪ್ ಅಂತಾರೆ ಹವ್ಯಾಸಿಗಳು. ನಮ್ಮ ಅತ್ತೆ ಸ್ವೆಟರ್ ಹೆಣೆದು ಉಳಿಸಿದ್ದ ಕಡು ಹಸಿರು ಉಂಡೆಯೊಂದು ನನ್ನ ಬಳಿ ಇತ್ತು, ಅದರಲ್ಲೇ ಮಾಡಿದ್ದು. ಅಕ್ರಿಲಿಕ್ ನೂಲೇ ಆಗಬೇಕು. ಹತ್ತಿಯದು, ಕುರಿ ಉಣ್ಣೆಯದು ನೀರಿನಲ್ಲಿ ಕೊಳೆಯುತ್ತದೆ. ಒಂದು ದಪ್ಪ ಪುಸ್ತಕಕ್ಕೆ ಐವತ್ತು ಸುತ್ತು ಸುತ್ತಿ, ಒಂದು ತುದಿ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿ ಕತ್ತರಿಸಿ. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿ. ಬಣ್ಣ ಬಿಟ್ಟರೆ ಅದು ಬೇಡ. ಕಟ್ಟಿದ ತುದಿಗೆ ಥರ್ಮಕೋಲ್ ಚೂರು ಸಿಕ್ಕಿಸಿ ತೇಲಿಬಿಡಿ. ಜಾವಾ ಮಾಸ್ ಎಂಬ ನೀರಿನ ಗಿಡ ಕೂಡ ಆಗುತ್ತದೆ, ಆದರೆ ಅದರೊಳಗೆ ಮೊಟ್ಟೆ ಹುಡುಕುವುದು ಅಂದರೆ ಅಕ್ಕಿಯಲ್ಲಿ ಬಿಳಿ ಕಲ್ಲು ಆರಿಸಿದ ಹಾಗೆ.

ಮೀನಿಗೆ ಒಂದು ವರ್ಷ ತುಂಬಿರಲಿ. ಒಂದು ಗಂಡು, ಎರಡು ಹೆಣ್ಣು, ಎರಡು ಅಡಿಯ ತೊಟ್ಟಿ, ಒಂದು ಸ್ಪಾಂಜ್ ಫಿಲ್ಟರ್. ಸೇರಿಸುವ ಮೊದಲು ಹತ್ತು ದಿನ ಸೊಳ್ಳೆ ಮರಿ, ಡಾಫ್ನಿಯಾ ಚೆನ್ನಾಗಿ ತಿನ್ನಿಸಿ. ಹಿಂದಿನ ಸಂಜೆ ಕಾಲು ಭಾಗ ನೀರು ಬದಲಿಸಿದರೆ ಮರುದಿನ ಬೆಳಗ್ಗೆ ಗಂಡಿನ ಕುಣಿತ ಜಾಸ್ತಿ. ಮಳೆ ಬಂತು ಅಂದುಕೊಳ್ಳುತ್ತವೋ ಏನೋ. ಗಂಡು ಹೆಣ್ಣನ್ನು ಪಕ್ಕದಿಂದ ತಳ್ಳಿಕೊಂಡೇ ಕುಚ್ಚಿನೊಳಗೆ ಕರೆದೊಯ್ಯುತ್ತದೆ. ಎರಡೂ ಮೈಗೆ ಮೈ ತಾಗಿಸಿ ಒಂದು ಸಲ ನಡುಗುತ್ತವೆ. ಅಷ್ಟೇ. ಒಂದು ಸೆಕೆಂಡಿನ ಕೆಲಸ.

ಸಂಜೆ ಕುಚ್ಚನ್ನು ಎತ್ತಿ, ನೀರು ಮೆಲ್ಲಗೆ ಹಿಂಡಿ, ಬಿಳಿ ತಟ್ಟೆಯ ಮೇಲೆ ಹರಡಿ. ಎಳೆ ಎಳೆ ಬಿಡಿಸುತ್ತಾ ಹೋಗಿ. ಸಾಸಿವೆಗಿಂತ ಚಿಕ್ಕದಾದ ಗಾಜಿನ ಮಣಿಯೊಂದು ನೂಲಿಗೆ ಸಿಕ್ಕಿಕೊಂಡಿರುತ್ತದೆ. ಅದರ ಮೈಯಿಂದ ಕೂದಲಿಗಿಂತ ಸಣ್ಣ ಅಂಟು ಎಳೆ ಹೊರಟು ಉಲ್ಲನ್ನಿಗೆ ಸುತ್ತಿರುತ್ತದೆ. ಎಳೆದರೆ ಮೊಟ್ಟೆ ಬರುತ್ತದೆ, ಎಳೆ ಬಿಡುವುದಿಲ್ಲ. ಹೆದರಬೇಡಿ, ಬೆರಳಲ್ಲಿ ಹಿಡಿಯಬಹುದು, ಗಟ್ಟಿ ಇರುತ್ತದೆ. ಹಿಡಿದ ಕೂಡಲೇ ಪಚಕ್ಕನೆ ಒಡೆದರೆ ಅದು ಕೆಟ್ಟ ಮೊಟ್ಟೆ. ನಾನು ಈಗ ಒಂದೊಂದೇ ಆರಿಸುವುದು ಬಿಟ್ಟಿದ್ದೇನೆ. ಕಣ್ಣು ಮೊದಲಿನ ಹಾಗಿಲ್ಲ. ವಾರಕ್ಕೊಮ್ಮೆ ಇಡೀ ಕುಚ್ಚನ್ನೇ ಅದೇ ತೊಟ್ಟಿಯ ನೀರು ತುಂಬಿದ ಟಬ್ಬಿಗೆ ಹಾಕಿ, ತೊಟ್ಟಿಗೆ ಹೊಸ ಕುಚ್ಚು ಬಿಡುತ್ತೇನೆ.

ಟಬ್ಬಿನಲ್ಲಿ ಏರ್ ಗುಳ್ಳೆ ಮೆಲ್ಲಗೆ ಬರುತ್ತಿರಲಿ. ಬೆಳ್ಳಗಾದ ಮೊಟ್ಟೆ ಬೂಸ್ಟು ಹಿಡಿದದ್ದು, ಕಂಡರೆ ತೆಗೆಯಿರಿ. ನಾಲ್ಕೈದನೆಯ ದಿನ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕೆ ಕಾಣುತ್ತವೆ. ಮರಿಯ ಕಣ್ಣು. ಭೂತಗನ್ನಡಿ ಹಿಡಿದರೆ ಅದು ಒಳಗೇ ಒಮ್ಮೊಮ್ಮೆ ಪಟಕ್ಕನೆ ಹೊರಳುವುದೂ ಕಾಣುತ್ತದೆ. 26–27 ಡಿಗ್ರಿಯಲ್ಲಿ ಏಳೆಂಟು ದಿನಕ್ಕೆ ಒಡೆಯುತ್ತದೆ. ಚಳಿಗಾಲದಲ್ಲಿ ಹೀಟರ್ ಇಲ್ಲದಿದ್ದರೆ ಹತ್ತು, ಹನ್ನೆರಡು.

ಮರಿ ಬಂದವು, ಸುಮಾರು ನಲವತ್ತು. ನಾಲ್ಕನೇ ದಿನಕ್ಕೆ ಹನ್ನೆರಡು, ಆರನೇ ದಿನಕ್ಕೆ ಸೊನ್ನೆ. ಮೊಟ್ಟೆಯ ಹಳದಿ ಪುಡಿ ಹಾಕುತ್ತಿದ್ದೆ. ಏನು ತಪ್ಪು ಮಾಡಿದೆ?
– ಕಂಪ್ಯೂಟರ್ ಅಂಗಡಿ ಮಾಲೀಕ, ಮಂಡ್ಯ

ನಾನು ಮಾಡಿದ್ದೇ ನೀವೂ ಮಾಡಿದ್ದೀರಿ. ನನ್ನ ಮೊದಲ ಮೂರು ಸರದಿ ಹೀಗೇ ಹೋದವು. ಮೂರನೆಯ ಸಲ ಟಬ್ಬಿನ ಮುಂದೆ ಕೂತು ಅತ್ತಿದ್ದೇನೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು, ಏಕಕೋಶ ಜೀವಿಯ ಚಿತ್ರ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ? ಈ ಮರಿಗೆ ಬೇಕಾದದ್ದು ಅದೇ ಅಂತ ಹೊಳೆಯಲೇ ಇಲ್ಲ.

ಮರಿಗಳು ಸತ್ತದ್ದು ಹಸಿವಿನಿಂದ. ಊಟದ ಮಧ್ಯೆಯೇ ಹಸಿವು. ರೇನ್‌ಬೋ ಮರಿಯ ಬಾಯಿ ಎಷ್ಟು ಚಿಕ್ಕದೆಂದರೆ ನೀವು ಪುಡಿ ಅಂದುಕೊಂಡದ್ದು ಅದಕ್ಕೆ ಬಂಡೆ. ಒಡೆದ ದಿನ ಹೊಟ್ಟೆಯಲ್ಲಿ ಸ್ವಲ್ಪ ಬುತ್ತಿ ಇರುತ್ತದೆ, ಒಂದೆರಡು ದಿನಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಬಾಯಿಗೆ ಹಿಡಿಸುವ ಊಟ ಸದಾ ಸಿಗದಿದ್ದರೆ ಮುಗಿಯಿತು. ಮೊಟ್ಟೆಯ ಹಳದಿ ತಿನ್ನದೆ ಉಳಿದು ನೀರನ್ನೂ ಕೊಳೆಸುತ್ತದೆ. ಹಾಗಾಗಿ ನಿಮ್ಮ ಮರಿಗಳಿಗೆ ಎರಡೂ ಕಡೆಯಿಂದ ಪೆಟ್ಟು.

ಬೇಕಾದದ್ದು ಇನ್ಫುಸೋರಿಯಾ. ಹೆಸರು ದೊಡ್ಡದು, ಮಾಡುವುದು ಕೊಳೆ ನೀರು. ಮೊಟ್ಟೆ ತೆಗೆದ ದಿನವೇ ಶುರು ಮಾಡಿ, ಮರಿ ಬಂದ ಮೇಲಲ್ಲ. ಎರಡು ಲೀಟರ್ ಗಾಜಿನ ಜಾಡಿಗೆ ಹಳೆಯ ತೊಟ್ಟಿಯ ನೀರು, ಸ್ಪಾಂಜ್ ಹಿಂಡಿದ ಕೆಸರು ಒಂದು ಚಮಚ, ಬಿಸಿ ನೀರಿನಲ್ಲಿ ಅದ್ದಿ ತೆಗೆದ ಕೋಸಿನ ಎಲೆ ಒಂದು. ಬಾಯಿಗೆ ತೆಳು ಬಟ್ಟೆ ಕಟ್ಟಿ, ಬೆಳಕಿರುವ ಕಡೆ ಇಡಿ. ಎರಡನೆಯ ದಿನ ಹಾಲಿನ ಹಾಗೆ ಬೆಳ್ಳಗಾಗಿ ನಾರುತ್ತದೆ. ಅದು ಬ್ಯಾಕ್ಟೀರಿಯಾ. ಮನೆಯವರು ಬೈಯುತ್ತಾರೆ, ಬೈಸಿಕೊಳ್ಳಿ. ನಾಲ್ಕೈದನೆಯ ದಿನ ನೀರು ತಾನಾಗಿ ತಿಳಿಯಾಗಿ, ನಾತ ಇಳಿದು, ಮಣ್ಣಿನ ವಾಸನೆ ಬರುತ್ತದೆ. ಬ್ಯಾಕ್ಟೀರಿಯಾವನ್ನು ತಿಂದು ಸಣ್ಣ ಜೀವಿಗಳು ತುಂಬಿಕೊಂಡಿವೆ ಅಂತ ಅರ್ಥ. ಜಾಡಿಯನ್ನು ಬೆಳಕಿಗೆ ಹಿಡಿದರೆ ಧೂಳು ತಾನೇ ಓಡಾಡಿದ ಹಾಗೆ ಕಾಣುತ್ತದೆ. ಇಂಕ್ ಫಿಲ್ಲರ್‌ನಲ್ಲಿ ದಿನಕ್ಕೆ ನಾಲ್ಕು ಸಲ, ಸಲಕ್ಕೆ ಹತ್ತಿಪ್ಪತ್ತು ಹನಿ. ಒಂದು ಜಾಡಿ ಮುಗಿಯುವ ಮೊದಲು ಇನ್ನೊಂದು ತಯಾರಿರಲಿ. ತಾರಸಿಯ ಮೇಲೆ ಪಾಚಿಯಿಂದ ಹಸಿರಾದ ನೀರಿನ ಬಕೆಟ್ ಇದ್ದರೆ ಅದನ್ನೂ ಸೇರಿಸಿ.

ಗಮನಿಸಿ, ಈ ಮರಿಗಳು ಮೊದಲ ಎರಡು ವಾರ ನೀರಿನ ಮೇಲ್ಮೈಗೇ ಅಂಟಿಕೊಂಡಿರುತ್ತವೆ. ಕಣ್ಣಿನ ರೆಪ್ಪೆಯ ಕೂದಲು ಉದುರಿ ತೇಲಿದ ಹಾಗೆ. ಕೆಳಗೆ ಬಿದ್ದದ್ದು ಅವಕ್ಕಲ್ಲ. ಪುಡಿ ಊಟ ಕೊಡುವುದಾದರೆ ಸ್ಪಿರುಲಿನಾ ಪುಡಿಯನ್ನು ಒಣ ಬೆರಳಲ್ಲಿ ಚಿಟಿಕೆಯ ಚಿಟಿಕೆ ತೆಗೆದು ಮೇಲೆ ಉಜ್ಜಿ, ತೇಲಬೇಕು. ಏರ್ ಗುಳ್ಳೆ ಜೋರಿದ್ದರೆ ಮರಿಯೂ ಊಟವೂ ಸುಳಿಯಲ್ಲಿ ಸುತ್ತುತ್ತವೆ. ಸೆಕೆಂಡಿಗೆ ಒಂದೆರಡು ಗುಳ್ಳೆ ಸಾಕು.

ಹತ್ತು ಹನ್ನೆರಡು ದಿನ ದಾಟಿದರೆ ಗೆದ್ದ ಹಾಗೆ. ಆಮೇಲೆ ಆರ್ಟಿಮಿಯಾ, ಅಂದರೆ ಉಪ್ಪುನೀರಿನ ಪುಟಾಣಿ ಸಿಗಡಿಯಂಥ ಜೀವಿ. ಲೀಟರಿಗೆ 25 ಗ್ರಾಂ ಕಲ್ಲುಪ್ಪು ಹಾಕಿದ ನೀರಿನಲ್ಲಿ ಅರ್ಧ ಚಮಚ ಅದರ ಮೊಟ್ಟೆ, ಜೋರು ಗಾಳಿ, 28 ಡಿಗ್ರಿ ಸೆಕೆ. ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನಕ್ಕೆ ಕಿತ್ತಳೆ ಮರಿ ಸಿಗುತ್ತವೆ. ಸಿಹಿನೀರಿನಲ್ಲಿ ತೊಳೆದು ಕೊಡಿ. ತಿಂದ ಮೀನು ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿ ಹೊರಗೇ ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದ ದಿನ ನಾನು ಮನೆಯಲ್ಲಿ ಪಾಯಸ ಮಾಡಿದ್ದೆ. ಬೆಳವಣಿಗೆ ನಿಧಾನ. ಮೂರು ತಿಂಗಳಿಗೆ ಒಂದು ಇಂಚು ಬಂದರೆ ಸಂತೋಷಪಡಿ.

ಬೋಸ್ಮನಿ ಗಂಡು, ಟರ್ಕಾಯ್ಸ್ ಹೆಣ್ಣು ಸೇರಿಸಿದರೆ ಹೊಸ ಬಣ್ಣದ ಮರಿ ಬರುತ್ತವಾ? ಬಂದರೆ ಒಳ್ಳೆ ರೇಟು ಸಿಗುತ್ತಾ?
– ಪಿಯುಸಿ ವಿದ್ಯಾರ್ಥಿ, ದಾವಣಗೆರೆ

ಮರಿ ಬರುತ್ತವೆ. ರೇಟು ಬರುವುದಿಲ್ಲ. ಗೊತ್ತಿದ್ದು ಹೇಳುತ್ತಿದ್ದೇನೆ. ಆರನೆಯ ವರ್ಷ ಜಾಗ ಸಾಲದೆ ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟಿದ್ದೆ. ಆ ಟರ್ಕಾಯ್ಸ್‌ಗಳನ್ನು ಆಮೇಲೆ ಬೇರೆಯವರಿಗೆ ಕೊಟ್ಟುಬಿಟ್ಟೆ, ಅದು ಬೇರೆ ಮಾತು. ಅಲ್ಲಿಂದ ತೆಗೆದ ಕುಚ್ಚಿನಲ್ಲಿ ಮೂವತ್ತೈದು ಮರಿ ಬೆಳೆದವು. ಒಂದು ವರ್ಷ ಊಟ ಹಾಕಿ ಕಾದೆ. ಅತ್ತ ನೀಲಿಯೂ ಅಲ್ಲ, ಇತ್ತ ಕಿತ್ತಳೆಯೂ ಅಲ್ಲ. ಹಳೆ ತಾಮ್ರದ ಚೆಂಬಿನ ಮೇಲೆ ಕಿಲುಬು ಕೂತ ಬಣ್ಣ. ಮಾರಲು ಮನಸ್ಸು ಬರಲಿಲ್ಲ. ಯಾರೋ ಅದನ್ನೇ ಬೋಸ್ಮನಿ ಅಂತ ಕೊಂಡು ಮತ್ತೆ ಮರಿ ಮಾಡಿಸುತ್ತಾರೆ, ಅಲ್ವಾ? ಎಲ್ಲವನ್ನೂ ಸಾಯುವ ತನಕ ನಾನೇ ಸಾಕಿದೆ. ಕೊನೆಯದು ಹೋಗಿದ್ದು ಈ ಯುಗಾದಿ ಕಳೆದ ಮೇಲೆ.

ಯೋಚಿಸು. ಬೋಸ್ಮನಿಯ ಮನೆ ಅಯಾಮಾರು. ಟರ್ಕಾಯ್ಸ್‌ನ ಮನೆ ಪಪುವಾ ನ್ಯೂಗಿನಿಯ ಕುಟುಬು ಸರೋವರ. ರೆಡ್ ರೇನ್‌ಬೋ ಸೆಂಟಾನಿ ಸರೋವರದ್ದು. ನಡುವೆ ಬೆಟ್ಟ, ಕಾಡು, ನೂರಾರು ಕಿಲೋಮೀಟರ್. ಲಕ್ಷಾಂತರ ವರ್ಷ ಒಂದರ ಮುಖ ಇನ್ನೊಂದು ನೋಡಿರಲಿಲ್ಲ. ಹಾಗಾಗಿ ‘ಇದು ಬೇರೆ ಜಾತಿ, ದೂರ ಇರಬೇಕು’ ಅನ್ನುವ ಬುದ್ಧಿಯೇ ಅವಕ್ಕೆ ಬೆಳೆದಿಲ್ಲ. ಎದುರಿಗೆ ಸಿಕ್ಕ ಹೆಣ್ಣಿಗೆ ನೆತ್ತಿಯ ಗೆರೆ ಹೊತ್ತಿಸಿಬಿಡುತ್ತವೆ. ನಮಗೂ ಹೆಣ್ಣುಗಳ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ, ಎಲ್ಲ ಬೂದಿ ಬೆಳ್ಳಿ. ನೋಡಲು ಒಟ್ಟಿಗೆ ಇಟ್ಟುಕೋ, ತಪ್ಪಿಲ್ಲ. ಆ ತೊಟ್ಟಿಯ ಮೊಟ್ಟೆ ಮಾತ್ರ ಬೆಳೆಸಬೇಡ. ಮರಿ ಬೇಕಿದ್ದರೆ ಒಂದು ತೊಟ್ಟಿಗೆ ಒಂದೇ ಜಾತಿ.

ಆಸ್ಟ್ರೇಲಿಯಾದಲ್ಲಿ ರನ್ನಿಂಗ್ ರಿವರ್ ಅಂತ ಒಂದು ಹೊಳೆ. ಅದರ ಒಂದು ತುಂಡಿನಲ್ಲಿ ಮಾತ್ರ ಇದ್ದ ರೇನ್‌ಬೋ ಇದೇ ಬೆರಕೆಯಿಂದ ಕಳೆದುಹೋಗುವುದರಲ್ಲಿತ್ತು. ಯಾರೋ ತಂದು ಬಿಟ್ಟ ಬೇರೆ ರೇನ್‌ಬೋ ಅಲ್ಲಿಗೆ ಸೇರಿಕೊಂಡಿತ್ತು. ಸಂಶೋಧಕರು ಶುದ್ಧ ಮೀನುಗಳನ್ನು ಆರಿಸಿ ತಂದು, ತೊಟ್ಟಿಯಲ್ಲಿ ಮರಿ ಮಾಡಿಸಿ, ಬೇರೆ ತೊರೆಗಳಿಗೆ ಬಿಟ್ಟು ಉಳಿಸಿಕೊಂಡರು. ನಿನ್ನ ವಯಸ್ಸಿಗೆ ಇದು ಆ ರೇಟಿಗಿಂತ ಒಳ್ಳೆಯ ಕೆಲಸ ಅಂತ ನನ್ನ ಅಭಿಪ್ರಾಯ.

ಮರಿ ಜಾಸ್ತಿಯಾದವು. ಊರಿನ ಕೆರೆಗೆ ಬಿಟ್ಟರೆ ಸೊಳ್ಳೆಯಾದರೂ ಕಡಿಮೆಯಾಗುತ್ತವೆ ಅಲ್ಲವೇ?
– ಕೃಷಿಕರು, ಚನ್ನರಾಯಪಟ್ಟಣ

ದಯವಿಟ್ಟು ಬೇಡ. ಸೊಳ್ಳೆ ತಿನ್ನಲಿ ಅಂತಲೇ ಗ್ಯಾಂಬೂಸಿಯಾ ಮೀನನ್ನು ಪ್ರಪಂಚದ ತುಂಬ ಬಿಟ್ಟರು. ನಮ್ಮ ರಾಜ್ಯದ ಕೆರೆ ಬಾವಿಗಳಿಗೂ ಬಿಟ್ಟಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಎಜ್‌ಬಾಸ್ಟನ್ ಎಂಬಲ್ಲಿ ಒಣ ನೆಲದ ನಡುವೆ ಕೆಲವು ಒರತೆಗಳಿವೆ. ಅಲ್ಲಿ ಮಾತ್ರ ಇರುವ ಕೆಂಪು ರೆಕ್ಕೆಯ ಬ್ಲೂ ಐ ಎಂಬ ಪುಟ್ಟ ಮೀನು ರೇನ್‌ಬೋಗೆ ಹತ್ತಿರದ ಸಂಬಂಧಿ. ಅದು ಕಣ್ಣಿಗೆ ಬಿದ್ದದ್ದೇ 1990ರಲ್ಲಿ. ಗ್ಯಾಂಬೂಸಿಯಾ ಆ ಒರತೆಗಳಿಗೆ ಹೊಕ್ಕು ಒಂದಾದ ಮೇಲೊಂದರಲ್ಲಿ ಇದನ್ನು ಇಲ್ಲವಾಗಿಸಿತು. ಪಾದ ಮುಳುಗದಷ್ಟು ನೀರಿನಲ್ಲಿ ಬದುಕುವ ಮೀನು ಎಲ್ಲಿಗೆ ಓಡೀತು? ನಿಮ್ಮ ಕೆರೆಯಲ್ಲಿ ಸೊಳ್ಳೆ ಮರಿ ತಿನ್ನುವ ಊರ ಮೀನು ಬೇಕಾದಷ್ಟಿವೆ. ಹೆಚ್ಚಾದ ಮರಿಯನ್ನು ಅಂಗಡಿಗೆ ಕೊಟ್ಟು ಬದಲಿಗೆ ಊಟದ ಡಬ್ಬಿ ತನ್ನಿ. ನಾನು ಮಾಡುವುದು ಅದೇ.

ಕರೆಂಟ್ ಬಿಲ್ ಎಷ್ಟು ಏರುತ್ತದೆ? ಮಾವನವರು ಕೇಳುತ್ತಿದ್ದಾರೆ.
– ಓದುಗರು, ಹುಬ್ಬಳ್ಳಿ

ಲೆಕ್ಕ ಹಾಕಿ ತೋರಿಸಿ. 5 ವ್ಯಾಟ್ ಏರ್ ಪಂಪ್ ದಿನವಿಡೀ ಓಡಿದರೆ ತಿಂಗಳಿಗೆ 3.6 ಯೂನಿಟ್. 18 ವ್ಯಾಟ್ ಎಲ್‌ಇಡಿ ದಿನಕ್ಕೆ ಎಂಟು ಗಂಟೆ ಉರಿದರೆ 4.3. ಎರಡೂ ಸೇರಿ ಎಂಟು ಯೂನಿಟ್ ಒಳಗೆ. ಚಳಿಗಾಲದ ಹೀಟರ್ ವಿಷಯ ಈಗಲೇ ಎತ್ತಬೇಡಿ.

ನಾನು ಬ್ರಿಸ್ಬೇನಿನಲ್ಲಿದ್ದೇನೆ. ಮನೆ ಹಿಂದಿನ ತೊರೆಯಲ್ಲಿ ನಿಮ್ಮ ವರ್ಣನೆಗೆ ಹತ್ತಿರವಾದ ಮೀನು ಗುಂಪು ಗುಂಪಾಗಿ ಕಾಣುತ್ತವೆ. ಕಿವಿರಿನ ಮುಚ್ಚಳದ ಮೇಲೆ ಒಂದು ಕೆಂಪು ಚುಕ್ಕೆ. ಇವು ರೇನ್‌ಬೋಗಳೇ?
– ಮೂಲತಃ ಸಾಗರದವರು, ಆಸ್ಟ್ರೇಲಿಯಾ

ಹೌದು ಸ್ವಾಮಿ, ಹೊಟ್ಟೆಕಿಚ್ಚು ಆಗುತ್ತಿದೆ. ಆ ಕೆಂಪು ಚುಕ್ಕೆಯೇ ಗುರುತು. ಕ್ರಿಮ್ಸನ್ ಸ್ಪಾಟೆಡ್ ರೇನ್‌ಬೋ ಅಂತಾರೆ. ವಿಜ್ಞಾನದ ಹೆಸರು ಮೆಲನೋಟೀನಿಯಾ ಡುಬುಲೇಯಿ. 1878ರಲ್ಲೇ ಹೆಸರು ಪಡೆದ ಮೀನು, ಬೋಸ್ಮನಿಗಿಂತ ನೂರು ವರ್ಷ ಹಿರಿಯಣ್ಣ. ನಿಮ್ಮ ಕಡೆಯ ಚಳಿಯನ್ನೂ ತಡೆದುಕೊಳ್ಳುತ್ತದೆ.

ಹಿಡಿದು ತೊಟ್ಟಿಗೆ ಬಿಡುವ ಯೋಚನೆ ಇದ್ದರೆ ಮೊದಲು ಕ್ವೀನ್ಸ್‌ಲ್ಯಾಂಡಿನ ಮೀನುಗಾರಿಕೆ ನಿಯಮ ಓದಿಕೊಳ್ಳಿ. ನನ್ನನ್ನು ಕೇಳಿದರೆ ಹಿಡಿಯುವುದೇ ಬೇಡ. ಬೇಸಿಗೆಗೆ ಸ್ವಲ್ಪ ಮುಂಚೆ, ಅಂದರೆ ನಿಮ್ಮಲ್ಲಿ ಅಕ್ಟೋಬರ್–ನವೆಂಬರ್, ಬಿಸಿಲು ನೀರಿಗೆ ತಾಗುವ ಹೊತ್ತಿಗೆ ದಡದ ಗಿಡಗಳ ಪಕ್ಕ ಅಲುಗಾಡದೆ ಕೂತುಕೊಳ್ಳಿ. ನಿಮ್ಮ ನೆರಳು ನೀರಿಗೆ ಬೀಳಬಾರದು. ನಾನು ಹನ್ನೊಂದು ವರ್ಷದಿಂದ ಮೂರು ಅಡಿ ಗಾಜಿನೊಳಗೆ ನೋಡುತ್ತಿರುವುದನ್ನು ನೀವು ಹೊಳೆಯಲ್ಲೇ ನೋಡಬಹುದು. ಗಂಡು ಹೆಣ್ಣನ್ನು ಯಾವ ಗಿಡದೊಳಗೆ ಕರೆದೊಯ್ಯಿತು, ಬೇರಿನ ಕಡೆಗೋ ಎಲೆಯ ಕಡೆಗೋ, ಅದನ್ನು ಮಾತ್ರ ಮರೆಯದೆ ಬರೆದು ಕಳಿಸಿ. ನನ್ನ ಉಲ್ಲನ್ ಕುಚ್ಚನ್ನು ತಳದಲ್ಲಿ ಇಡಬೇಕೋ ಮೇಲೆ ತೇಲಿಸಬೇಕೋ ಅಂತ ನಮ್ಮ ಯಜಮಾನರಿಗೂ ನನಗೂ ಇನ್ನೂ ವಾದ ನಡೆಯುತ್ತಿದೆ.